ಅಗಸ್ಟೀನರ ಗಂಟೆ, ತಳಾವ್ಲಿಯ ಗೋಪುರ: ಗೋವಾದ ಊರ ಚರ್ಚುಗಳ ಸುತ್ತ

ಶುಕ್ರವಾರ, ಪಣಜಿ

ಪಣಜಿಯ ದೊಡ್ಡ ಚರ್ಚಿನ ನೆತ್ತಿಯಲ್ಲಿ ತೂಗುವ ಗಂಟೆಯನ್ನು ಪಣಜಿಗೆಂದು ಎರಕ ಹೊಯ್ದಿರಲಿಲ್ಲ. ಅದು ಹಳೆ ಗೋವಾದ ಅಗಸ್ಟೀನ್ ಸಂಘದ ಸನ್ಯಾಸಿಗಳ ಚರ್ಚಿಗೆ ಸೇರಿದ್ದು. ಆ ಚರ್ಚು ಪಾಳುಬಿದ್ದ ಮೇಲೆ, 1871ರಲ್ಲಿ, ಗಂಟೆಯನ್ನು ಇಲ್ಲಿಗೆ ತಂದರು. ಅದರ ಭಾರ ತಡೆಯಲೆಂದೇ ಮುಂಭಾಗದ ನಡುವಿನ ಗಂಟೆಗೂಡನ್ನು ದೊಡ್ಡದು ಮಾಡಿದರು. ಗೋವಾದಲ್ಲಿ ಇದಕ್ಕಿಂತ ದೊಡ್ಡ ಗಂಟೆ ಇರುವುದು ಒಂದೇ ಕಡೆ, ಹಳೆ ಗೋವಾದ ಸೆ ಕ್ಯಾಥೆಡ್ರಲಿನಲ್ಲಿ.

ಈ ಸಲ ನಾನು ಗೋವಾಕ್ಕೆ ಹೊರಟಿದ್ದೇ ಊರ ಚರ್ಚುಗಳನ್ನು ನೋಡಲು. ಕ್ರೈಸ್ತರು ಕನ್ನಡದಲ್ಲಿ ಧರ್ಮಕೇಂದ್ರ ಅಂತ ಕರೆಯುತ್ತಾರಲ್ಲ, ಆ ಚರ್ಚುಗಳು. ಒಂದು ಊರಿನ ಮಕ್ಕಳಿಗೆ ದೀಕ್ಷಾಸ್ನಾನ, ಮದುವೆ, ಕೊನೆಗೆ ಮಣ್ಣು, ಎಲ್ಲವೂ ಆಗುವ ಜಾಗ. ಜೊತೆಗೆ ಮಂಗಳೂರಿನ ಗೆಳತಿ ಬಂದಿದ್ದಳು. ಅವಳ ಮನೆಮಾತು ಕೊಂಕಣಿ. ಹದಿನಾರನೇ ಶತಮಾನದಿಂದ ಎರಡು ಶತಮಾನಗಳ ಕಾಲ ಗೋವಾದ ಕ್ರೈಸ್ತರು ಗುಂಪುಗುಂಪಾಗಿ ದಕ್ಷಿಣಕ್ಕೆ, ಕೆನರಾ ಕರಾವಳಿಗೆ ಬಂದು ನೆಲೆಸಿದರು. ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ನ್ಯಾಯಮಂಡಳಿಯ ಭಯ, ರೋಗರುಜಿನ, ಬರ, ಮರಾಠರ ಜೊತೆಗಿನ ಯುದ್ಧಗಳು, ಹೀಗೆ ಕಾರಣಗಳು ಹಲವು. ಗೆಳತಿಯ ಹಿರಿಯರೂ ಹಾಗೇ ಬಂದವರಂತೆ.

ಜುಲೈ ಕೊನೆಯ ವಾರ. ಮಳೆ ಸುರಿಯುತ್ತಲೇ ಇತ್ತು. ಬಸ್ ಸ್ಟ್ಯಾಂಡಿನಿಂದ ನೇರವಾಗಿ ಚರ್ಚಿನ ಮೆಟ್ಟಿಲ ಹತ್ತಿರ ಹೋದೆವು. ಎಡಕ್ಕೆ ಬಲಕ್ಕೆ ತಿರುಗುತ್ತಾ ಏರುವ ಬಿಳಿ ಮೆಟ್ಟಿಲುಗಳನ್ನು ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ. ಅವು ಆಮೇಲೆ ಸೇರಿಸಿದವು. 1541ರಲ್ಲಿ ಇಲ್ಲಿದ್ದದ್ದು ಒಂದು ಪುಟ್ಟ ಪ್ರಾರ್ಥನಾಲಯ. ಲಿಸ್ಬನ್ನಿನಿಂದ ತಿಂಗಳುಗಟ್ಟಲೆ ಕಡಲಲ್ಲಿ ಬಂದ ನಾವಿಕರು ಮಾಂಡವಿ ನದಿಗೆ ಕಾಲಿಟ್ಟ ಕೂಡಲೇ ಈ ಗುಡ್ಡ ಹತ್ತಿ, ಜೀವ ಉಳಿದದ್ದಕ್ಕೆ ಮಾತೆ ಮರಿಯಮ್ಮನಿಗೆ ವಂದಿಸಿ, ಆಮೇಲೆ ಆಗಿನ ರಾಜಧಾನಿ ಹಳೆ ಗೋವಾಕ್ಕೆ ಹೋಗುತ್ತಿದ್ದರು. ಆಗ ಪಣಜಿ ಒಂದು ಮೀನುಗಾರರ ಹಳ್ಳಿ. 1600ರಲ್ಲಿ ಇದು ಧರ್ಮಕೇಂದ್ರವಾಯಿತು, 1619ರಲ್ಲಿ ಹೊಸದಾಗಿ ಕಟ್ಟಿದರು. ಹಬ್ಬ ಡಿಸೆಂಬರ್ 8ಕ್ಕೆ, ನಿಷ್ಕಳಂಕ ಮಾತೆಯ ಹೆಸರಲ್ಲಿ.

ಹೊರಗೆ ಇಷ್ಟು ಬಿಳಿ, ಒಳಗೆ ಅಷ್ಟೇ ಚಿನ್ನ. ಮುಖ್ಯ ಬಲಿಪೀಠದ ಹಿಂದೆ ನೆಲದಿಂದ ಚಾವಣಿಯವರೆಗೆ ಎದ್ದು ನಿಲ್ಲುವ ಮರದ ಕೆತ್ತನೆಯ ಗೋಡೆ. ತಿರುಚಿದ ಕಂಬಗಳು, ಬಳ್ಳಿ, ಎಲೆ, ರೆಕ್ಕೆಯ ಮಕ್ಕಳು, ಎಲ್ಲದಕ್ಕೂ ಚಿನ್ನದ ಲೇಪ. ನಡುವೆ ಮಾತೆ. ಅಕ್ಕಪಕ್ಕದ ಪೀಠಗಳಲ್ಲಿ ಒಂದು ಕಡೆ ಶಿಲುಬೆಯ ಯೇಸು, ಇನ್ನೊಂದು ಕಡೆ ಜಪಮಾಲೆಯ ಮಾತೆ. ಸಂತ ಪೇತ್ರ, ಸಂತ ಪಾವ್ಲರ ಅಮೃತಶಿಲೆಯ ಮೂರ್ತಿಗಳು ಕಾವಲು ನಿಂತಿವೆ. ಬರೋಕ್ ಅಂದರೆ ಏನು ಅಂತ ಪುಸ್ತಕ ಓದಿ ತಿಳಿಯುವುದಕ್ಕಿಂತ ಇಲ್ಲಿ ಐದು ನಿಮಿಷ ಕೂತರೆ ಸಾಕು. ಹದಿನೇಳನೇ ಶತಮಾನದ ಯುರೋಪಿನ ಕ್ಯಾಥೊಲಿಕರು ನೋಡುವವರ ಮನಸ್ಸನ್ನು ಒಮ್ಮೆಲೇ ಹಿಡಿಯಬೇಕು ಅಂತ ಕಟ್ಟಿದ ರೀತಿ ಅದು. ಕಣ್ಣು ಒಂದೇ ಕಡೆ ನಿಲ್ಲಬಾರದು, ಮೇಲಕ್ಕೆ ಏರುತ್ತಲೇ ಇರಬೇಕು.

ಸಂಜೆ ಪಣಜಿಯ ಹಳೆಯ ಬಡಾವಣೆ ಫೊಂಟೆನ್ಯಾಸ್‌ನ ಬೀದಿಗಳಲ್ಲಿ ನಡೆದು ಸಂತ ಸೆಬಾಸ್ಟಿಯನ್ ಪ್ರಾರ್ಥನಾಲಯಕ್ಕೆ ಹೋದೆವು. ಅಲ್ಲೊಂದು ಶಿಲುಬೆ ಇದೆ. ಮೊದಲು ಹಳೆ ಗೋವಾದ ಇನ್‌ಕ್ವಿಸಿಷನ್ ಅರಮನೆಯಲ್ಲಿ ಇದ್ದದ್ದು. ಸಾಮಾನ್ಯವಾಗಿ ಶಿಲುಬೆಯ ಯೇಸುವಿನ ತಲೆ ವಾಲಿರುತ್ತದೆ, ಕಣ್ಣು ಮುಚ್ಚಿರುತ್ತವೆ. ಈ ಯೇಸು ತಲೆ ಎತ್ತಿದ್ದಾನೆ, ಕಣ್ಣು ಬಿಟ್ಟು ನೋಡುತ್ತಾನೆ. ವಿಚಾರಣೆಗೆ ನಿಂತವರು ಈ ಕಣ್ಣುಗಳ ಮುಂದೆ ನಿಂತಿದ್ದರು. 1560ರಿಂದ 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಆ ನ್ಯಾಯಮಂಡಳಿ ಗೋವಾದಲ್ಲಿ ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಮನೆಯಲ್ಲಿ ಹಳೆಯ ಪದ್ಧತಿ ಇಟ್ಟುಕೊಂಡರೂ ಅಪರಾಧ. ಗೆಳತಿ ಒಳಗೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಈ ಚರ್ಚುಗಳ ಚೆಲುವನ್ನು ಬರೆಯುವವರು ಇದನ್ನೂ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶನಿವಾರ, ಹಳೆ ಗೋವಾ

ಬೆಳಿಗ್ಗೆ ಕದಂಬ ಬಸ್ಸು ಹತ್ತಿ ಹಳೆ ಗೋವಾ. ಗೋವಾ ಸಾರಿಗೆ ಸಂಸ್ಥೆಗೆ ಕದಂಬರ ಹೆಸರಿದೆ. ಆ ಕದಂಬರ ಕಡೆಗೆ ಆಮೇಲೆ ಬರುತ್ತೇನೆ.

ಬೊಮ್ ಜೀಸಸ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹಾಗಾಗಿ ನನಗೆ ಮುಖ್ಯ ಅನ್ನಿಸಿದ್ದನ್ನು ಮಾತ್ರ ಹೇಳುತ್ತೇನೆ. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ, ಜೆಸ್ವಿಟ್ ಎಂಬ ಪಾದ್ರಿಗಳ ಸಂಘದ ಚರ್ಚು ಅದು. ಸಂತ ಫ್ರಾನ್ಸಿಸ್ ಝೇವಿಯರರ ಸಮಾಧಿಯ ಕೆಳಗಿನ ಭಾಗ ಫ್ಲಾರೆನ್ಸಿನಲ್ಲಿ ಕೆತ್ತಿದ ಅಮೃತಶಿಲೆ. ತೊಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೇ ಕೊಸಿಮೊ ಮೆಡಿಚಿಯ ಕೊಡುಗೆ, ಶಿಲ್ಪಿ ಜೊವಾನಿ ಬತ್ತಿಸ್ತ ಫೊಜ್ಜಿನಿ. ಅದನ್ನು 1698ರಲ್ಲಿ ಇಲ್ಲಿ ಜೋಡಿಸಿದರು. ಆದರೆ ಮೇಲಿರುವ ಬೆಳ್ಳಿಯ ಪೆಟ್ಟಿಗೆ ಅದಕ್ಕಿಂತ ಅರವತ್ತು ವರ್ಷ ಹಳೆಯದು, ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಜನ ಕೆಳಗಿನ ಇಟಲಿಯ ಕೆಲಸವನ್ನು ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಬೆಳ್ಳಿಯ ಮೇಲೇ ನಿಂತಿತು. ಸಂತನ ಬದುಕಿನ ಒಂದೊಂದು ಘಟನೆಗೂ ಒಂದೊಂದು ಚೌಕ, ಒಂದೊಂದರಲ್ಲೂ ಅಂಗೈ ಅಗಲದಲ್ಲಿ ಒಂದು ಇಡೀ ಲೋಕ.

ಹೊರಗಿನ ಗೋಡೆ ಕೆಂಪಗೆ ಬರಿಗಲ್ಲಾಗಿ ಕಾಣುತ್ತದೆ. ಅದು ಮೂಲದಲ್ಲಿ ಹಾಗಿರಲಿಲ್ಲ. 1950ರ ದಶಕದಲ್ಲಿ ಗಾರೆ ಕಿತ್ತುಹಾಕಿದರು, ಪುರಾತನವಾಗಿ ಕಾಣಲಿ ಅಂತ. ಜಂಬಿಟ್ಟಿಗೆ ಕಲ್ಲು ತೂತು ತೂತಾಗಿರುತ್ತದೆ, ನೀರು ಕುಡಿಯುತ್ತದೆ. ಗೋವಾದ ಮಳೆ ನಮ್ಮ ಕರಾವಳಿಯ ಮಳೆಯಷ್ಟೇ ಬಿರುಸು. ಅದಕ್ಕೇ ಹಳಬರು ಎಲ್ಲ ಚರ್ಚಿಗೂ ದಪ್ಪ ಸುಣ್ಣದ ಗಾರೆ ಹಚ್ಚಿ, ವರ್ಷವರ್ಷ ಸುಣ್ಣ ಬಳಿಯುತ್ತಿದ್ದರು. ಅವತ್ತು ಮಳೆಯಲ್ಲಿ ನೆನೆದು ಕಪ್ಪಾಗಿದ್ದ ಆ ಗೋಡೆ ನೋಡಿ ಹೊಟ್ಟೆ ಉರಿಯಿತು. ಕಲ್ಲಿಗೆ ಅದರ ಹೊದಿಕೆ ವಾಪಸ್ ಕೊಡಬೇಕು.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಮೊಂತೆ ಸಾಂತೊ ಗುಡ್ಡ ಹತ್ತಿ ಅಗಸ್ಟೀನರ ಚರ್ಚಿನ ಅವಶೇಷಕ್ಕೆ ಹೋದೆವು. ಪಣಜಿಯ ಗಂಟೆ ಹುಟ್ಟಿದ ಮನೆ ಇದು. 1597ರಿಂದ 1602ರವರೆಗೆ ಕಟ್ಟಿದ ಚರ್ಚು. ಹೆಸರು ನೊಸ್ಸಾ ಸೆನ್ಯೋರಾ ದ ಗ್ರಾಸಾ, ಅಂದರೆ ಕೃಪೆಯ ಮಾತೆ. ಈಗ ಉಳಿದಿರುವುದು ಒಂದು ಗೋಪುರದ ಅರ್ಧ. ಅದೇ 46 ಮೀಟರ್ ಎತ್ತರ. ತಲೆ ಹಿಂದಕ್ಕೆ ಬಾಗಿಸಿ ನೋಡಿದರೆ, ಸೀಳಿ ನಿಲ್ಲಿಸಿದ ಗೋಡೆಯ ಹಿಂದಿನಿಂದ ಮೋಡ ಓಡುತ್ತಿರುತ್ತದೆ.

ಇದು ಬಿದ್ದ ಕಥೆ ಮುಖ್ಯ. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿಗಳ ಸಂಘಗಳನ್ನೆಲ್ಲ ರದ್ದು ಮಾಡಿತು. ಮರುವರ್ಷ ಗೋವಾದಲ್ಲೂ ಅದು ಜಾರಿಗೆ ಬಂತು. ಅಗಸ್ಟೀನರು ಹೊರಟುಹೋದರು. ಹಳೆ ಗೋವಾ ನಗರ ಅಷ್ಟರಲ್ಲಿ ಕಾಲರಾ, ಮಲೇರಿಯಾಗಳಿಂದ ಖಾಲಿಯಾಗಿತ್ತು. ಚಾವಣಿಯ ಹುಲ್ಲು ಕೀಳುವವರಿಲ್ಲ, ಸುಣ್ಣ ಬಳಿಯುವವರಿಲ್ಲ. ಏಳೇ ವರ್ಷದಲ್ಲಿ, 1842ರಲ್ಲಿ, ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿತ್ತು. ಕಟ್ಟಿದವರು ದೂರದವರು, ಅವರು ಹೋದ ಮೇಲೆ ಇದು ತಮ್ಮದು ಅನ್ನಲು ಯಾವ ಊರೂ ಇರಲಿಲ್ಲ. ಊರ ಚರ್ಚುಗಳ ಪಾಡು ಬೇರೆ. ಅಲ್ಲಿ ಹಬ್ಬ ನಡೆಸುವ ಸಂಘಗಳಿದ್ದವು, ಊರ ಜಮೀನು ಒಟ್ಟಾಗಿ ನೋಡಿಕೊಳ್ಳುವ ಗಾಂವ್ಕಾರರಿದ್ದರು. ಪೋರ್ಚುಗೀಸರು ಆ ವ್ಯವಸ್ಥೆಯನ್ನು ಕೊಮುನಿದಾದ್ ಅಂತ ಕರೆದರು. ಪಾದ್ರಿ ಬದಲಾದರೂ, ಸರ್ಕಾರ ಬದಲಾದರೂ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಜನ ಇದ್ದರು.

ಇದೇ ಅವಶೇಷದ ನೆಲದಡಿ ಜಾರ್ಜಿಯಾ ದೇಶದ ರಾಣಿ ಕೆತೆವಾನಳ ಅಸ್ಥಿಯ ತುಣುಕು ಸಿಕ್ಕಿತು. 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಅವಳನ್ನು ಹಿಂಸಿಸಿ ಕೊಂದಿದ್ದರು. ಅಗಸ್ಟೀನ್ ಸನ್ಯಾಸಿಗಳು ಅವಳ ಅವಶೇಷವನ್ನು ಇಲ್ಲಿಗೆ ತಂದಿದ್ದರು. ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದರು. 2021ರಲ್ಲಿ ಭಾರತ ಸರ್ಕಾರ ಅಸ್ಥಿಯ ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು.

ಸಂತ ಕಾಯೆತಾನ್ ಚರ್ಚನ್ನೂ ನೋಡಿದೆವು. ಇಟಲಿಯ ಥಿಯಾಟಿನ್ ಪಾದ್ರಿಗಳು 1661ರ ಹೊತ್ತಿಗೆ ರೋಮಿನ ಸಂತ ಪೇತ್ರರ ಬಸಿಲಿಕಾವನ್ನು ನೆನೆದು ಕಟ್ಟಿದ್ದು. ಗುಮ್ಮಟ ಚೆಂದ ಇದೆ. ಹೊಟ್ಟೆ ಹಸಿದಿತ್ತು, ಬೇಗ ಹೊರಟೆವು.

ಭಾನುವಾರ, ತಳಾವ್ಲಿ

ಈ ಪ್ರವಾಸವನ್ನು ಜುಲೈಗೆ ಇಟ್ಟುಕೊಂಡದ್ದೇ ಈ ದಿನಕ್ಕಾಗಿ. ಜುಲೈ 26 ಸಂತ ಅನ್ನಮ್ಮನ ಹಬ್ಬ. ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ. ತಳಾವ್ಲಿಯ ಚರ್ಚು ಅವಳದು, ಗೋವಾದವರ ಬಾಯಲ್ಲಿ ಸಾಂತಾನಾ. ಹಳೆ ಗೋವಾದಿಂದ ದಕ್ಷಿಣಕ್ಕೆ, ಪಿಲಾರ್ ಗುಡ್ಡದ ಕಡೆ ಇರುವ ಹಳ್ಳಿ. ರಿಕ್ಷಾ ಗದ್ದೆಗಳ ನಡುವೆ ಹೋಗುತ್ತಿತ್ತು. ನಾಟಿ ಮುಗಿದ ಹಸಿರು. ಒಂದು ತಿರುವಿನಲ್ಲಿ ತೆಂಗಿನ ತಲೆಗಳ ಮೇಲೆ ಎರಡು ಬಿಳಿ ಗೋಪುರಗಳು ಎದ್ದವು. ನಾನು ರಿಕ್ಷಾ ನಿಲ್ಲಿಸಿ ಮಳೆಯಲ್ಲೇ ಇಳಿದೆ.

ಇಷ್ಟು ಸಣ್ಣ ಹಳ್ಳಿಗೆ ಇಷ್ಟು ದೊಡ್ಡ ಚರ್ಚು! ಎರಡು ಪಕ್ಕದಲ್ಲೂ ಐದೈದು ಅಂತಸ್ತಿನ ಚೌಕ ಗೋಪುರ. ನಡುವೆ ಸಾಲು ಸಾಲು ಕಿಟಕಿ, ಗೂಡು, ಕಂಬ, ಕಟಾಂಜನ. ಪ್ರತಿ ಅಂತಸ್ತಿಗೂ ಅಡ್ಡ ಪಟ್ಟಿ ಎಳೆದು, ಅದರ ಮೇಲೆ ಮತ್ತೊಂದು ಅಂತಸ್ತು. ಎಲ್ಲ ಬಿಳಿ. ಮಳೆಯ ಮೋಡದ ಮುಂದೆ ಆ ಬಿಳಿಗೆ ತನ್ನದೇ ಬೆಳಕು ಇದ್ದಂತೆ ಕಂಡಿತು. ನಿನ್ನೆ ಗುಡ್ಡದ ಮೇಲೆ ನೋಡಿದ ಅಗಸ್ಟೀನರ ಅರ್ಧ ಗೋಪುರವನ್ನು ನೆನಪಿಸಿಕೊಳ್ಳಿ. ಆ ಚರ್ಚಿನ ಮುಂಭಾಗಕ್ಕೂ ಇದಕ್ಕೂ ಹತ್ತಿರದ ಸಂಬಂಧ ಇದೆ ಅಂತ ಕಲಾ ಇತಿಹಾಸಕಾರರು ಹೇಳುತ್ತಾರೆ. ಅಂದರೆ ಬಿದ್ದುಹೋದ ಆ ಚರ್ಚು ನಿಂತಿದ್ದಾಗ ಹೇಗೆ ಕಾಣುತ್ತಿತ್ತು ಅಂತ ಊಹಿಸಬೇಕಾದರೆ ತಳಾವ್ಲಿಗೇ ಬರಬೇಕು.

ಕಟ್ಟಿದವರು ಯಾರು ಅನ್ನುವುದು ನನ್ನನ್ನು ಇಲ್ಲಿಗೆ ಎಳೆದು ತಂದ ವಿಷಯ. 1681ರಲ್ಲಿ ಕೆಲಸ ಶುರು ಮಾಡಿಸಿದವರು ಮೊನ್ಸಿಞೊರ್ ಫ್ರಾನ್ಸಿಸ್ಕೊ ದೊ ರೇಗೊ. 1689ರಲ್ಲಿ ಅವರು ತೀರಿಕೊಂಡರು. ಮುಂದುವರಿಸಿ 1695ರಲ್ಲಿ ಮುಗಿಸಿದವರು ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ದ ಕುನ್ಯಾ. ಹೆಸರು ಪೋರ್ಚುಗೀಸು, ಜನ ಗೋವಾದವರೇ, ಕೊಂಕಣಿ ಮಾತಾಡುವವರು. ಆ ಕಾಲದಲ್ಲಿ ಜೆಸ್ವಿಟರು, ಫ್ರಾನ್ಸಿಸ್ಕನ್ನರು ಸ್ಥಳೀಯರನ್ನು ತಮ್ಮ ಸಂಘಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಸಾಲ್ಸೆಟ್ ತಾಲೂಕಿನ ಚರ್ಚುಗಳು ಜೆಸ್ವಿಟರ ಕೈಯಲ್ಲಿ, ಬಾರ್ದೇಸಿನವು ಫ್ರಾನ್ಸಿಸ್ಕನ್ನರ ಕೈಯಲ್ಲಿ. ಗೋವಾದ ಪಾದ್ರಿಗಳಿಗೆ ಸ್ವಂತವಾಗಿ ಊರು ನಡೆಸುವ ಅವಕಾಶ ಸಿಕ್ಕಿದ್ದು ಹೆಚ್ಚಾಗಿ ಪಣಜಿ, ಹಳೆ ಗೋವಾ ಇರುವ ತಿಸ್ವಾಡಿ ತಾಲೂಕಿನಲ್ಲಿ. ತಳಾವ್ಲಿ ಇರುವುದು ತಿಸ್ವಾಡಿಯಲ್ಲೇ. ನಮಗೂ ಬರುತ್ತದೆ, ನಿಮಗಿಂತ ಚೆನ್ನಾಗಿ ಬರುತ್ತದೆ ಅಂತ ಅವರು ಕಲ್ಲು, ಗಾರೆಯಲ್ಲಿ ತೋರಿಸಿಕೊಟ್ಟರು. ನನಗೆ ಹಾಗೇ ಕಾಣುತ್ತದೆ.

ಅದೇ 1681ರಲ್ಲಿ ಗೋವಾದ ಇನ್ನೊಬ್ಬ ಪಾದ್ರಿ, ಬಾಣಾವ್ಲಿಯ ಜುಜೆ ವಾಜ್, ಕೆನರಾಕ್ಕೆ ಹೊರಟರು. ಮಂಗಳೂರು, ಬಸ್ರೂರು, ಗಂಗೊಳ್ಳಿಯ ಸುತ್ತ ಕೆಲಸ ಮಾಡಿ 1684ರಲ್ಲಿ ವಾಪಸಾದರು. ಆಮೇಲೆ ಶ್ರೀಲಂಕಾಕ್ಕೆ ಹೋದರು. 2015ರಲ್ಲಿ ಪೋಪ್ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಹತ್ತಿರ ಮುಡಿಪಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಗೆಳತಿ ಚಿಕ್ಕಂದಿನಿಂದ ಅಲ್ಲಿಗೆ ಹೋದವಳು. ಇಲ್ಲಿ ಗೋಪುರ ಏಳುತ್ತಿದ್ದ ವರ್ಷಗಳಲ್ಲೇ ಅಲ್ಲಿ ಅವಳ ಊರಿನವರಿಗೆ ಪಾದ್ರಿ ಬಂದಿದ್ದರು ಅಂತ ಲೆಕ್ಕ ಹಾಕಿ ಹೇಳಿದಾಗ ಅವಳಿಗೆ ಖುಷಿಯೋ ಖುಷಿ.

ಬಾಗಿಲ ಹೊರಗೆ ಛತ್ರಿಗಳ ಕೆಳಗೆ ಸೌತೆಕಾಯಿ ರಾಶಿ. ನಮ್ಮ ಕಡೆಯ ಮಳೆಗಾಲದ ಮುಳ್ಳುಸೌತೆಯ ಜಾತಿಯವು, ಉದ್ದಕ್ಕೆ ದಪ್ಪಕ್ಕೆ ಇದ್ದವು. ಈ ಹಬ್ಬಕ್ಕೆ ಜನ ಇಟ್ಟ ಹೆಸರೇ ಸೌತೆಕಾಯಿ ಹಬ್ಬ, ಕೊಂಕಣಿಯಲ್ಲಿ ತವಶ್ಯಾಂಚೆಂ ಫೆಸ್ತ್. ಮಕ್ಕಳಿಲ್ಲದ ದಂಪತಿ ಅಜ್ಜಿಗೆ ಸೌತೆಕಾಯಿ ಒಪ್ಪಿಸಿ ಮಗು ಬೇಡುತ್ತಾರೆ. ಮದುವೆಯಾಗದ ಹುಡುಗಿ ಉದ್ದು ಕೊಟ್ಟು ಗಂಡನನ್ನು, ಹುಡುಗ ಚಮಚ ಕೊಟ್ಟು ಹೆಂಡತಿಯನ್ನು ಬೇಡುವುದು. ಮೂರಕ್ಕೂ ಪೋರ್ಚುಗೀಸಿನಲ್ಲಿ ಪ್ರಾಸದ ಸಾಲುಗಳಿವೆ. ಸೌತೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿಯನ್ನು ಗೆಳತಿ "ಮಾಂಯ್" ಅಂತ ಕರೆದು ಮಾತಿಗೆ ಕೂತಳು. ಅಜ್ಜಿ ಅವಳ ಕೊಂಕಣಿ ಕೇಳಿ, "ನೀನು ಕೊಡಿಯಾಲದವಳಲ್ವಾ?" ಅಂತ ಕೇಳಿದರು. ಮಂಗಳೂರಿನ ಕೊಂಕಣಿ ಹೆಸರು ಅದು. ಆಮೇಲೆ ಒಂದು ಸೌತೆಕಾಯಿ ಸುಮ್ನೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಚರ್ಚು ಇಲ್ಲಿ ಹುಟ್ಟಿದ್ದಕ್ಕೂ ಊರಲ್ಲಿ ಒಂದು ಕಥೆ ಇದೆ. ತಲೆಗೆ ಟೋಪಿ, ಕೈಯಲ್ಲಿ ಕೋಲು ಹಿಡಿದ ಒಬ್ಬ ಮುದುಕಿ ಗುಡ್ಡ ಇಳಿದು ಬರುವುದನ್ನು ಊರಿನವನೊಬ್ಬ ಕಂಡ. ಇಲ್ಲೇ ನನ್ನ ಮನೆ, ಇಲ್ಲೇ ಇರುತ್ತೇನೆ ಅಂದಳಂತೆ. ಚರ್ಚು ಯಾರ ಹೆಸರಿಗೆ ಅನ್ನುವುದು ಹೀಗೆ ತೀರ್ಮಾನವಾಯಿತು. ಊರದೇವತೆಗಳು ನೆಲೆ ಕೇಳಿಕೊಂಡು ಬಂದ ಕಥೆಗಳನ್ನು ಕೇಳಿ ಬೆಳೆದ ನನಗೆ ಇದು ತೀರಾ ಪರಿಚಿತ ಅನ್ನಿಸಿತು.

ಒಳಗೆ ಕಾಲಿಡಲು ಜಾಗ ಇರಲಿಲ್ಲ. ಕೊಂಕಣಿಯಲ್ಲಿ ಪೂಜೆ ನಡೆಯುತ್ತಿತ್ತು. ಹಾಡಿನ ಮೇಳಕ್ಕೆ ಪಿಟೀಲು. ಪೂಜೆ ಮುಗಿದು ಜನ ಕರಗುವವರೆಗೆ ಕಾದೆವು. ಆಮೇಲೆ ಆ ಒಳಾಂಗಣ ನಮ್ಮದಾಯಿತು.

ನೆಲದ ನಕ್ಷೆ ಶಿಲುಬೆಯ ಆಕಾರ. ಉದ್ದನೆಯ ಒಂದೇ ಸಭಾಂಗಣ, ನಡುವೆ ಕಂಬಗಳ ಅಡ್ಡಿ ಇಲ್ಲ. ಮೇಲೆ ಕಲ್ಲಿನ ಅರ್ಧ ಉರುಳೆಯಾಕಾರದ ಕಮಾನು ಚಾವಣಿ. ಇಂತಹ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ತುಂಬಾ ದಪ್ಪ ಇರಬೇಕು. ಇಲ್ಲಿಯ ಗೋಡೆಗಳು ದಪ್ಪ ಇವೆ, ಆದರೆ ಒಳಗೆ ಟೊಳ್ಳು. ಅದರಲ್ಲಿ ನಡೆದು ಹೋಗುವ ದಾರಿಗಳಿವೆ. ಪಾಪನಿವೇದನೆಗೆ ಬರುವವರು ಯಾರ ಕಣ್ಣಿಗೂ ಬೀಳದೆ ಈ ದಾರಿಯಲ್ಲಿ ಬಂದು, ಪಾದ್ರಿಗೆ ಹೇಳಿ, ಹಾಗೇ ಹೋಗಬಹುದಿತ್ತಂತೆ. ಸಣ್ಣ ಊರಲ್ಲಿ ಯಾರು ಎಷ್ಟು ಹೊತ್ತು ಪಾಪ ಹೇಳಿಕೊಂಡರು ಅನ್ನುವುದೂ ಸುದ್ದಿಯೇ ತಾನೇ. ಕಟ್ಟಿದವರು ಊರನ್ನು ಬಲ್ಲವರು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಗೋಡೆಯ ಗೂಡುಗಳ ಮೇಲೆ ಬಿಡಿಸಿದ ದೊಡ್ಡ ಚಿಪ್ಪುಗಳು. ಗಾರೆಯಲ್ಲಿ ತಿದ್ದಿದ ಒಂದೊಂದು ಗೆರೆಯೂ ನೆರಳು ಹಿಡಿದುಕೊಳ್ಳುತ್ತದೆ. ಗಾರೆ ಮಾಡಲು ಕಡಲ ಚಿಪ್ಪನ್ನೇ ಸುಟ್ಟು ಸುಣ್ಣ ಮಾಡುವುದು ಈ ಕರಾವಳಿಯ ಹಳೆಯ ಪದ್ಧತಿ. ಚಿಪ್ಪಿನಿಂದ ಬಂದ ಸುಣ್ಣದಲ್ಲಿ ಮತ್ತೆ ಚಿಪ್ಪನ್ನೇ ಬಿಡಿಸಿದ್ದಾರೆ. ಅಲ್ಲಲ್ಲಿ ತೇವ ಹಿಡಿದು ಹಸಿರಾಗಿರುವುದನ್ನೂ ನೋಡಿದೆ. ಈ ಕಟ್ಟಡಕ್ಕೆ ದುರಸ್ತಿ ಯಾವತ್ತೂ ಮುಗಿಯುವ ಕೆಲಸವಾಗಲಾರದು.

ಮುಖ್ಯ ಬಲಿಪೀಠದ ಚಿನ್ನದ ಕೆತ್ತನೆಯಲ್ಲಿ ಅನ್ನಮ್ಮ ನಿಂತಿದ್ದಾಳೆ. ಸುತ್ತಲಿನ ಕಂಬಗಳು ತುಂಬಿ ತುಳುಕುತ್ತವೆ. ತೇರಿನ ಅಡಿಪೀಠದ ಕೆತ್ತನೆಯಲ್ಲಿ ಒಂದಂಗುಲ ಜಾಗವನ್ನೂ ಖಾಲಿ ಬಿಡದ ನಮ್ಮ ಬಡಗಿಗಳ ಹಾಗೆ ಇಲ್ಲಿಯವರೂ ಬಿಟ್ಟಿಲ್ಲ. ಗೋವಾದ ಚರ್ಚುಗಳಿಗೆ ಮರ ಕೆತ್ತಿದವರಲ್ಲಿ ಬಹಳ ಮಂದಿ ಹಿಂದೂ ಕುಶಲಕರ್ಮಿಗಳು. ಹಿಂದೂಗಳಿಂದ ಕ್ರೈಸ್ತ ಮೂರ್ತಿ ಮಾಡಿಸಬಾರದು ಅಂತ ಗೋವಾದ ಧರ್ಮಸಭೆಗಳು ನಿಯಮ ಮಾಡಿದರೂ, ಕೆಲಸ ಅವರಿಂದಲೇ ನಡೆಯಿತು. ಗೋವಾದ ಹಲವು ಹಳೆಯ ಪ್ರವಚನ ಪೀಠಗಳ ಅಡಿಯಲ್ಲಿ ನಾಗಕನ್ಯೆಯರಂತಹ ಆಕೃತಿಗಳು ಭಾರ ಹೊತ್ತು ನಿಂತಿರುತ್ತವೆ. ದೇವದೂತರ ಕೆನ್ನೆ, ಕಣ್ಣು, ಹುಬ್ಬಿನಲ್ಲಿ ಕೆತ್ತಿದವನ ಊರಿನ ಮಕ್ಕಳು ಕಾಣುತ್ತಾರೆ.

ಹಳೆ ಗೋವಾದ ಯಾವ ಚರ್ಚಿಗಿಂತಲೂ ಸಾಂತಾನಾ ದೊಡ್ಡ ಕೃತಿ ಅಂತ ಹೇಳಲು ನನಗೆ ಹಿಂಜರಿಕೆ ಇಲ್ಲ. ಅಲ್ಲಿಯವುಗಳಲ್ಲಿ ರೋಮ್ ಇದೆ, ಲಿಸ್ಬನ್ ಇದೆ. ಇಲ್ಲಿ ಬರೋಕ್ ಈ ಮಣ್ಣಿನಲ್ಲಿ ಬೇರು ಬಿಟ್ಟಿದೆ. ಆದರೂ ಟೂರಿಸ್ಟ್ ಬಸ್ಸುಗಳು ಇತ್ತ ತಿರುಗುವುದು ಕಡಿಮೆ. ಹಬ್ಬದ ದಿನ ಬಿಟ್ಟರೆ ಬಾಗಿಲು ಹಾಕಿರಬಹುದು. ಬೆಳಗಿನ ಪೂಜೆಯ ಹೊತ್ತಿಗೆ ಹೋದರೆ ಒಳ್ಳೆಯದು.

ಸೋಮವಾರ, ದಿವಾಡಿ

ಹಳೆ ಗೋವಾದಿಂದ ಫೆರ್ರಿ ದಾಟಿದರೆ ದಿವಾಡಿ ದ್ವೀಪ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಮಾಂಡವಿ ಕೆಂಪಗೆ ತುಂಬಿ ಹರಿಯುತ್ತಿತ್ತು.

ಪಿಯೆದಾದ್ ಗುಡ್ಡದ ತುದಿಯಲ್ಲಿರುವ ಚರ್ಚು ಕರುಣೆಯ ಮಾತೆಯದು. ಈಗಿರುವ ಕಟ್ಟಡ ಹದಿನೆಂಟನೇ ಶತಮಾನದ ಆರಂಭದ್ದು. ವಿನ್ಯಾಸ ಮಾಡಿದವರು ಗೋವಾದವರೇ ಆದ ಪಾದ್ರಿ ಅಂತೋನಿಯೊ ಜುವಾಂವ್ ದ ಫ್ರಿಯಾಸ್. ಇವರು 1702ರಲ್ಲಿ ಲಿಸ್ಬನ್ನಿನಲ್ಲಿ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದರು. ಕ್ರೈಸ್ತರಾದ ಗೋವಾದ ಬ್ರಾಹ್ಮಣರು ಯುರೋಪಿನ ಕುಲೀನರಿಗೆ ಸಮ ಅನ್ನುವುದು ಅದರ ವಾದ. ಕೆಲವೇ ವರ್ಷಗಳಲ್ಲಿ, ಕ್ಷತ್ರಿಯ ಮೂಲ ಹೇಳಿಕೊಳ್ಳುವ ಚಾರ್ಡೊ ಜಾತಿಯ ಪಾದ್ರಿಯೊಬ್ಬರು ಅದಕ್ಕೆ ಎದುರು ಪುಸ್ತಕ ಬರೆದರು. ಊರ ಪಾದ್ರಿಗಳ ಸ್ವಾಭಿಮಾನವನ್ನು ನಿನ್ನೆಯಿಂದ ಹೊಗಳುತ್ತಿದ್ದೇನೆ. ಆ ಸ್ವಾಭಿಮಾನದ ಒಳಗೆ ಜಾತಿಯ ಹಮ್ಮೂ ಕೂತಿತ್ತು.

ದಿವಾಡಿಯವರೇ ಆದ ಮಾತೇವುಸ್ ದ ಕಾಸ್ತ್ರೊ ಎಂಬುವರ ಕಥೆ ಕೇಳಿದರೆ ಆಗಿನ ಕೋಪ ಅರ್ಥವಾಗುತ್ತದೆ. ಗೋವಾದಲ್ಲಿ ಅವರಿಗೆ ಗುರುದೀಕ್ಷೆ ಕೊಡಲಿಲ್ಲ. ಅವರು ರೋಮಿಗೇ ಹೋಗಿ ಓದಿ ಪಾದ್ರಿಯಾದರು. 1637ರಲ್ಲಿ ಬಿಷಪ್ ಆದರು. ಅವರಿಗೆ ಸಿಕ್ಕ ಕ್ಷೇತ್ರ ಯಾವುದು ಗೊತ್ತಾ? ಆದಿಲ್‌ಶಾಹಿ ರಾಜ್ಯ, ಅಂದರೆ ನಮ್ಮ ಬಿಜಾಪುರದ ಸುಲ್ತಾನರ ಸೀಮೆ. ಅವರು ಗಡಿಯಾಚೆ ಡಿಚೋಲಿಯಲ್ಲಿ ಚರ್ಚು ಕಟ್ಟಿ, ಪೋರ್ಚುಗೀಸರ ವಿರುದ್ಧವೇ ಆದಿಲ್‌ಶಾಹಿಯನ್ನು ಎತ್ತಿಕಟ್ಟಿದರು.

ಚರ್ಚಿನ ಒಳಗೆ ಗಾರೆಯ ಕೆಲಸ ಅಚ್ಚುಕಟ್ಟು, ಹೊರಗೆ ಸುತ್ತಲೂ ನದಿ ಕಾಣುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಪಕ್ಕದ ಸಮಾಧಿಭೂಮಿಯಲ್ಲಿ. ಅಲ್ಲಿರುವ ಪುಟ್ಟ ಪ್ರಾರ್ಥನಾಲಯ ಹಿಂದೆ ದೇವಸ್ಥಾನವಾಗಿತ್ತು. ಕದಂಬರ ಕಾಲದ ಕೆತ್ತನೆಯ ಕಲ್ಲುಗಳು ಈಗಲೂ ಇವೆ. ಬನವಾಸಿ ಹೆಸರು ಕೇಳಿ ಬೆಳೆದ ಕನ್ನಡಿಗರಿಗೆ ಗೋವಾ ಕದಂಬರು ಆ ವಂಶದ ಕೊಂಬೆ. ಹಲಸಿಯಲ್ಲಿ ಅವರ ದೇವಾಲಯ ಇದೆ. ಅವರು ಶಾಸನಗಳನ್ನು ಕನ್ನಡದಲ್ಲೂ ಬರೆಸಿದರು. ಅವರ ರೇವುಪಟ್ಟಣ ಗೋಪಕಪಟ್ಟಣ ಇದ್ದದ್ದು ನಿನ್ನೆ ಹೋಗಿದ್ದ ತಳಾವ್ಲಿಯ ಹತ್ತಿರವೇ.

ಅವರ ಕುಲದೈವ ಸಪ್ತಕೋಟೇಶ್ವರ ಇದೇ ದ್ವೀಪದಲ್ಲಿದ್ದ. ಬಹಮನಿ ಸೈನ್ಯ ಗುಡಿ ಕೆಡವಿತು. ವಿಜಯನಗರದ ಮಾಧವ ಮಂತ್ರಿ ಗೋವಾವನ್ನು ಗೆದ್ದು ಮತ್ತೆ ಪ್ರತಿಷ್ಠೆ ಮಾಡಿಸಿದ. 1540ರಲ್ಲಿ ಪೋರ್ಚುಗೀಸರು ಮತ್ತೆ ಕೆಡವಿದರು. ಭಕ್ತರು ಲಿಂಗವನ್ನು ನದಿ ದಾಟಿಸಿ ನಾರ್ವೆ ಎಂಬ ಊರಿಗೆ ಒಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದರು. ಪಿಯೆದಾದ್ ಚರ್ಚು ಚೆಂದ ಇರುವುದೂ ನಿಜ, ಪಕ್ಕದ ಕಲ್ಲುಗಳು ಯಾರದೋ ಗುಡಿಯವಾಗಿದ್ದುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡುವುದು ನನ್ನಿಂದಾಗದು.

ಮಂಗಳವಾರ, ಮಡಗಾಂವ್

ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಪವಿತ್ರಾತ್ಮರ ಚರ್ಚಿಗೆ ಹೋದೆವು. ಇದು ಸಾಲ್ಸೆಟ್, ಜೆಸ್ವಿಟರ ಸೀಮೆ. ಮೊದಲ ಚರ್ಚು 1560ರ ದಶಕದಲ್ಲಿ ಎದ್ದಿತು. ಆಗ ಕೆಡವಿದ ದಾಮೋದರ ದೇವಸ್ಥಾನದ ದೇವರು ಈಗ ಜಾಂಬಾವಲಿಯಲ್ಲಿದ್ದಾನೆ. ಚರ್ಚೂ ದಾಳಿಗಳಲ್ಲಿ ಸುಟ್ಟು ಮತ್ತೆ ಎದ್ದಿತು. ಈಗಿರುವುದು 1675ರದ್ದು.

ಮುಂದೆ ದೊಡ್ಡ ಚೌಕ, ನಡುವೆ ಎತ್ತರದ ಬಿಳಿ ಶಿಲುಬೆ, ಸುತ್ತಲೂ ಹಳೆಯ ಬಂಗಲೆಗಳು. ಒಳಗೆ ಗಾರೆಯ ಅಲಂಕಾರದ ಚಾವಣಿ. ಚಿನ್ನದ ಲೇಪದ ಪ್ರವಚನ ಪೀಠದ ಮೇಲೆ ಪ್ರೇಷಿತರ, ಅಂದರೆ ಯೇಸುವಿನ ಶಿಷ್ಯರ, ಕೆತ್ತನೆ ಇದೆ. ಒಬ್ಬೊಬ್ಬನ ಗಡ್ಡವೂ ಬೇರೆ, ಬಟ್ಟೆಯ ಮಡಿಕೆಯೂ ಬೇರೆ. ಕಸ ಗುಡಿಸುತ್ತಿದ್ದವರು ನಾವು ನೋಡುತ್ತಿದ್ದುದನ್ನು ಕಂಡು ಆ ಪಕ್ಕದ ದೀಪ ಹಾಕಿಕೊಟ್ಟರು.

ಈ ಚರ್ಚಿನ ಹಬ್ಬ ಮಳೆಗಾಲಕ್ಕೆ ಮುಂಚೆ ಬರುತ್ತದೆ. ಆಗ ನಡೆಯುವ ಸಂತೆ ಗೋವಾಕ್ಕೆಲ್ಲ ಹೆಸರುವಾಸಿ, ಪುರುಮೆಂತಾಚೆಂ ಫೆಸ್ತ್. ನಾಲ್ಕು ತಿಂಗಳ ಮಳೆಗೆ ಬೇಕಾದ ಒಣಮೀನು, ಮೆಣಸಿನಕಾಯಿ, ಈರುಳ್ಳಿ, ಹುಣಸೆ, ಮಣ್ಣಿನ ಮಡಕೆ, ಎಲ್ಲ ಅಲ್ಲೇ ಕೊಳ್ಳುತ್ತಾರೆ. ಮುಂದಿನ ಸಲ ಆಗಲೇ ಬರೋಣ ಅಂತ ಗೆಳತಿ ರೈಲು ಹತ್ತುವ ಮುಂಚೆಯೇ ತೀರ್ಮಾನ ಮಾಡಿದಳು. ಅವಳಿಗೆ ಮೆಣಸಿನಕಾಯಿ ಬೇಕು. ನನಗೆ ಆ ಪ್ರವಚನ ಪೀಠವನ್ನು ಇನ್ನೂ ಒಂದು ಗಂಟೆ ನೋಡಬೇಕು, ಆಮೇಲೆ ಈ ಸಲ ನೋಡಲಾಗದ ರಾಯ್ತೂರಿನ ಸೆಮಿನರಿಯ, ಅಂದರೆ ಪಾದ್ರಿಗಳಾಗುವವರು ಓದುವ ಕಡೆಯ, ಚರ್ಚು ಇದೆ.